ಡಬ್ಬಿಯ ಮೇಲಿನ ಮುಖ

ಎರಡು ವರ್ಷದ ಹಿಂದೆ, ದೀಪಾವಳಿಯ ಸಮಯದಲ್ಲಿ, ಮೊಮ್ಮಗನಿಗೆ ಏನು ಕೊಡಿಸಲಿ ಎಂದು ಸೊಸೆಯನ್ನು ಕೇಳಿದೆ. "ಬಟ್ಟೆ ಬೇಡ ಮಾವ, ಅವನಿಗೆ ಬಟ್ಟೆಯ ಮೇಲೆ ಆಸೆಯೇ ಇಲ್ಲ. ಟೀವಿಗೆ ಜೋಡಿಸಿ ಆಡುತ್ತಾನಲ್ಲ, ಅದಕ್ಕೆ ಒಂದು ಹೊಸ ಆಟದ ಡಿಸ್ಕು ತನ್ನಿ" ಎಂದಳು. ಯಾವ ಆಟ ಎಂದು ಕೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಬಿಡಿಸಿ ಹೇಳುವಷ್ಟು ಬಿಡುವು, ಒಲೆಯ ಮೇಲೆ ಚಕ್ಕುಲಿಯ ಬಾಣಲೆ ಇಟ್ಟಿದ್ದ ಅವಳಿಗಿರಲಿಲ್ಲ.

ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಒಂದು ಕಾಲಕ್ಕೆ ರೇಡಿಯೋ ಕೆಟ್ಟರೆ ವಾಲ್ವು ಹುಡುಕಿಕೊಂಡು ನಾವು ಹೋಗುತ್ತಿದ್ದ ಬೀದಿಯೇ ಅದು. ಅಂಗಡಿಯ ಒಂದು ಗೋಡೆಯ ತುಂಬ, ನೆಲದಿಂದ ಮಾಡಿನವರೆಗೆ, ಆಟದ ಡಬ್ಬಿಗಳು. "ಯಾವುದು ಬೇಕು ಅಂಕಲ್?" ಎಂದ ಅಂಗಡಿಯ ಹುಡುಗ. ನಾನು ಕತ್ತೆತ್ತಿ ನೋಡಿದೆ. ಇನ್ನೂರು ಡಬ್ಬಿಗಳಿದ್ದರೆ ನೂರ ತೊಂಬತ್ತೊಂಬತ್ತು ನನಗೆ ಅಪರಿಚಿತ. ಒಂದರ ಮೇಲೆ ಮಾತ್ರ, ಮೊಮ್ಮಗನೊಡನೆ ಕುಳಿತು ನೋಡಿದ್ದ ಒಂದು ಇಂಗ್ಲಿಷ್ ಸಿನಿಮಾದ ನಾಯಕನ ಮುಖವಿತ್ತು. ಪರವೂರ ಜಾತ್ರೆಯಲ್ಲಿ ದಾರಿ ತಪ್ಪಿದವನಿಗೆ ನೆರೆಮನೆಯವನು ಸಿಕ್ಕಿದಂತಾಯಿತು. ೩,೯೯೯ ರೂಪಾಯಿ ಎಣಿಸಿ ಕೊಟ್ಟು ಮನೆಗೆ ತಂದೆ.

ಹುಡುಗ ಡಬ್ಬಿಯನ್ನು ಕಂಡು ನನ್ನನ್ನು ತಬ್ಬಿಕೊಂಡ. ಎರಡು ಸಂಜೆ ಆಡಿದ. "ಹೇಗಿದೆಯೋ?" ಎಂದು ಕೇಳಿದರೆ, "ಚಂದ ಉಂಟು ಅಜ್ಜ" ಎಂದ. ಮೂರನೆಯ ದಿನ ಡಿಸ್ಕು ಡಬ್ಬಿಗೆ ಸೇರಿತು, ಡಬ್ಬಿ ಕಪಾಟಿನ ಮೇಲೇರಿತು. ತಿಂಗಳ ತರುವಾಯ ಅವನು ಬಾಲ್ಕನಿಯಲ್ಲಿ ಗೆಳೆಯನಿಗೆ ಹೇಳುತ್ತಿದ್ದುದು ಅಕಸ್ಮಾತ್ತಾಗಿ ನನ್ನ ಕಿವಿಗೆ ಬಿತ್ತು: "ಅದು ಸುಖ ಇಲ್ಲ ಮಾರಾಯ. ಅರ್ಧ ಗಂಟೆ ಆಡಿದರೆ ಬೋರು. ಅಜ್ಜ ತಂದದ್ದಲ್ಲವಾ, ಹಾಗೆ ಹೇಳಲಿಕ್ಕಾಗುತ್ತದಾ?"

ನಾಲ್ಕು ಸಾವಿರ ಹೋದದ್ದು ಹೋಯಿತು. ಹನ್ನೊಂದು ವರ್ಷದ ಹುಡುಗ ನನ್ನ ಮನಸ್ಸು ನೋಯದಿರಲೆಂದು ಸುಳ್ಳು ಹೇಳಬೇಕಾಗಿ ಬಂದಿತಲ್ಲ, ಅದು ಮಾತ್ರ ಬಹಳ ದಿನ ಕೊರೆಯಿತು. ಆ ಕೊರೆತದಿಂದಲೇ ಈ ವಿಷಯವನ್ನು ಅಷ್ಟಿಷ್ಟು ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಳ್ಳಲು ಹೊರಟೆ. ವಾಚಕರಲ್ಲಿ ನನ್ನಂಥ ಅಜ್ಜಂದಿರು, ಸೋದರಮಾವಂದಿರು, ರಜೆಗೆ ಊರಿನಿಂದ ಬರುವ ದೊಡ್ಡಮ್ಮಂದಿರು ಅನೇಕರಿರುವುದರಿಂದ, ತಿಳಿದುದನ್ನು ಹಂಚಿಕೊಳ್ಳುತ್ತಿದ್ದೇನೆ.

ಮಾವಿನ ಹಣ್ಣನ್ನು ಮೂಸಿ ನೋಡಿ ಕೊಳ್ಳಬಹುದು. ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಬಹುದು. ಮಾಟುಂಗದ ಕಾಫಿ ಪುಡಿಯ ಅಂಗಡಿಯಲ್ಲಿ ಬೀಜ ಹುರಿಯುವ ಪರಿಮಳವೇ ಸಾಕ್ಷಿ ಹೇಳುತ್ತದೆ. ಆದರೆ ವಿಡಿಯೋ ಆಟದ ರುಚಿ ಗೊತ್ತಾಗುವುದು ಮನೆಗೆ ತಂದು ಗಂಟೆಗಟ್ಟಲೆ ಆಡಿದ ಮೇಲೆಯೇ. ಅಷ್ಟರಲ್ಲಿ ಡಬ್ಬಿಯ ಮೇಲಿನ ತೆಳುಹಾಳೆ ಹರಿದಿರುತ್ತದೆ, ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ರುಚಿ ನೋಡದೆ ಕೊಳ್ಳಬೇಕಾದ ಸರಕಿಗೆ ಪರಿಚಿತವಾದ ಮುಖವೇ ಜಾಮೀನು. ಈ ಉಪಾಯವೇನೂ ಹೊಸದಲ್ಲ. ಧಾರವಾಡದಲ್ಲಿ ಹುಟ್ಟಿದ ನಟಿ ಲೀಲಾ ಚಿಟ್ನಿಸ್ ೧೯೪೧ರಲ್ಲಿಯೇ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ಆ ಸಾಬೂನಿಗೆ ಮುಖ ಕೊಟ್ಟ ಮೊದಲ ಭಾರತೀಯ ತಾರೆ ಆಕೆ. ಆದರೆ ಸಾಬೂನು ಚೆನ್ನಾಗಿಲ್ಲದಿದ್ದರೆ ಹೋಗುವುದು ನಾಲ್ಕು ಕಾಸು, ಗೊತ್ತಾಗುವುದು ಮಾರನೆಯ ಬೆಳಗ್ಗೆ.

ಹೀಗೆ ಮುಖವನ್ನು ಬಳಸಲು ಕೊಡುವ ಅನುಮತಿಗೆ ಲೈಸೆನ್ಸು ಎನ್ನುತ್ತಾರೆ. ಸಿನಿಮಾದ ಹೆಸರು, ನಾಯಕನ ರೂಪ, ಕ್ರಿಕೆಟ್ ತಂಡದ ಅಂಗಿ, ಆಟಗಾರನ ಹೆಸರು, ಎಲ್ಲಕ್ಕೂ ಒಬ್ಬ ಒಡೆಯನಿರುತ್ತಾನೆ. ಆಟ ತಯಾರಿಸುವವನು ಅವನಿಗೆ ಹಣ ಕಟ್ಟಬೇಕು. ಸಾಮಾನ್ಯವಾಗಿ ಮುಂಗಡವಾಗಿ ಇಷ್ಟು, ಮಾರಾಟದಲ್ಲಿ ಪಾಲು ಇಷ್ಟು. ಆಟದ ಒಂದು ಸಾಲು ಬರೆಯುವ ಮೊದಲೇ ಹಣ ಕೈಬಿಟ್ಟಿರುತ್ತದೆ. ಮೇಲಾಗಿ ಸಿನಿಮಾ ಬಿಡುಗಡೆಯೋ ಹಬ್ಬವೋ ಗೊತ್ತುಮಾಡಿದ ತಾರೀಖಿಗೆ ಆಟವೂ ಬಂದು ನಿಲ್ಲಬೇಕು. ಮದುವೆಯ ಮುಹೂರ್ತ ಮೊದಲೇ ಇಟ್ಟು ಆಮೇಲೆ ಅಡಿಗೆಯವನನ್ನು ಹುಡುಕಿದ ಹಾಗೆ.

ಇದರ ಪರಮಾವಧಿ ಅಮೆರಿಕದಲ್ಲಿ ೧೯೮೨ರಲ್ಲಿ ನಡೆಯಿತು. ಆ ವರ್ಷ ಜೂನ್ ತಿಂಗಳಲ್ಲಿ ಸ್ಟೀವನ್ ಸ್ಪೀಲ್‌ಬರ್ಗರ 'ಇ.ಟಿ.' ಚಿತ್ರ ಬಿಡುಗಡೆಯಾಗಿ ಇಡೀ ದೇಶವೇ ಮರುಳಾಗಿತ್ತು. ಬೇರೊಂದು ಲೋಕದಿಂದ ಬಂದು, ಹಿಂತಿರುಗಲಾರದೆ ಒಬ್ಬ ಹುಡುಗನ ಮನೆಯಲ್ಲಿ ಅಡಗಿಕೊಳ್ಳುವ ಕುರೂಪಿಯಾದರೂ ಮುದ್ದಾದ ಪ್ರಾಣಿಯ ಕಥೆ ಅದು. ಆಗ ಮನೆಮನೆಯ ಟೀವಿ ಆಟಗಳಲ್ಲಿ ಅಗ್ರಗಣ್ಯ ಕಂಪೆನಿ ಅಟಾರಿ. ಅದರ ಒಡೆತನ ವಾರ್ನರ್ ಕಮ್ಯುನಿಕೇಷನ್ಸ್ ಸಂಸ್ಥೆಯದು. ಕ್ರಿಸ್‌ಮಸ್ಸಿಗೆ 'ಇ.ಟಿ.' ಆಟವೂ ಬರಬೇಕೆಂದು ನಿಶ್ಚಯವಾಯಿತು. ಆ ಹೆಸರಿಗಾಗಿ ಕೊಟ್ಟದ್ದು ಎರಡರಿಂದ ಎರಡೂವರೆ ಕೋಟಿ ಡಾಲರು ಎಂದು ವರದಿಯಾಗಿದೆ. ಮಾತುಕತೆ ಮುಗಿದು ಅಟಾರಿಯ ಹೋವರ್ಡ್ ಸ್ಕಾಟ್ ವಾರ್‌ಷಾ ಎಂಬ ತರುಣನಿಗೆ ಕರೆ ಬಂದದ್ದು ಜುಲೈ ಕೊನೆಯ ವಾರದಲ್ಲಿ. ಸೆಪ್ಟೆಂಬರ್ ೧ಕ್ಕೆ ಆಟ ಸಿದ್ಧವಾಗಿರಬೇಕು. ಅಂದರೆ ಐದು ವಾರ! ಇಂಥ ಒಂದು ಆಟಕ್ಕೆ ಐದಾರು ತಿಂಗಳಾದರೂ ಹಿಡಿಯುತ್ತಿದ್ದ ಕಾಲವದು.

ವಾರ್‌ಷಾ ಕೈಲಾಗದವನಲ್ಲ. ಅವನ 'ಯಾರ್ಸ್ ರಿವೆಂಜ್' ಎಂಬ ಆಟ ಜನಪ್ರಿಯವಾಗಿತ್ತು. ಸ್ಪೀಲ್‌ಬರ್ಗರದೇ ಇನ್ನೊಂದು ಚಿತ್ರವನ್ನು ಅವನು ಮೊದಲೇ ಆಟವಾಗಿಸಿದ್ದ. ಅವನ ಯೋಜನೆಯನ್ನು ನೋಡಿ ಸ್ಪೀಲ್‌ಬರ್ಗ್, ಪ್ಯಾಕ್‌ಮನ್ ಥರದ್ದೊಂದು ಮಾಡಲಾಗದೇ ಎಂದು ಕೇಳಿದರಂತೆ. ಅವನು ಒಪ್ಪಲಿಲ್ಲ. ಮನೆಯಲ್ಲಿಯೂ ಒಂದು ಯಂತ್ರವಿಟ್ಟುಕೊಂಡು ಹಗಲಿರುಳು ದುಡಿದು ಹೇಳಿದ ದಿನಕ್ಕೆ ಮುಗಿಸಿದ. ಆದರೆ ಆಟವನ್ನು ಮಕ್ಕಳ ಕೈಯಲ್ಲಿ ಆಡಿಸಿ ನೋಡಿ ತಿದ್ದುವುದಕ್ಕೆ ಸಮಯವೆಲ್ಲಿ? ಆಟದಲ್ಲಿ ಆ ಬಡಪ್ರಾಣಿ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿತ್ತು. ಕಷ್ಟಪಟ್ಟು ಮೇಲೆ ಬಂದರೆ ಮತ್ತೆ ಅದೇ ಗುಂಡಿ. ಮಕ್ಕಳಿಗೆ ತಲೆಬುಡ ತಿಳಿಯಲಿಲ್ಲ.

ಇಷ್ಟಾದರೂ ಅದು ಮಾರಾಟವಾಗಲಿಲ್ಲವೇ? ಆಯಿತು, ಹದಿನೈದು ಲಕ್ಷದಷ್ಟು! ಸ್ವಾರಸ್ಯ ಇರುವುದೇ ಇಲ್ಲಿ. ಟೀವಿಯಲ್ಲಿ ಜಾಹೀರಾತು, ಡಬ್ಬಿಯ ಮೇಲೆ ಆ ಮುದ್ದು ಮುಖ, ಮುಂದೆ ಕ್ರಿಸ್‌ಮಸ್. ಅಂಗಡಿಯಲ್ಲಿ ಸಾಲುಗಟ್ಟಿದವರಲ್ಲಿ ಎಷ್ಟೋ ಮಂದಿ ಆಟವನ್ನು ಎಂದೂ ಆಡದ ತಂದೆತಾಯಿಗಳು, ಅಜ್ಜಅಜ್ಜಿಯರೇ ಇರಬೇಕು ಎಂಬುದು ನನ್ನ ಊಹೆ. ದುಡ್ಡು ಕೊಡುವವನು ಒಬ್ಬ, ಆಡುವವನು ಇನ್ನೊಬ್ಬ. ಡಬ್ಬಿಯ ಮೇಲಿನ ಮುಖ ಮಾತನಾಡುವುದು ಮೊದಲಿನವನ ಜೊತೆಗೆ. ಆದರೆ ಕಂಪೆನಿ ತಯಾರಿಸಿದ್ದು ಸುಮಾರು ನಲವತ್ತು ಲಕ್ಷ. ಹಬ್ಬ ಕಳೆದ ಮೇಲೆ, ಆಡಿ ನೋಡಿದ ಮಕ್ಕಳ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಉಳಿದ ಸರಕು ಅಂಗಡಿಗಳಲ್ಲೇ ಕೊಳೆಯಿತು. ೧೯೮೩ರಲ್ಲಿ ಅಟಾರಿಗಾದ ನಷ್ಟ ೫೩ ಕೋಟಿ ಡಾಲರಿಗೂ ಮಿಕ್ಕಿದ್ದು. ಅಷ್ಟನ್ನೂ ಈ ಒಂದು ಆಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಗ ಪೇಟೆಯ ತುಂಬ ಅವಸರದ ಕಳಪೆ ಆಟಗಳೇ ಇದ್ದವು. ಆದರೂ ಅಪಕೀರ್ತಿಯ ಮುಖ ಮಾತ್ರ ಇದರದೇ ಆಯಿತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋ ಪ್ರಾಂತದ ಆಲಮೊಗೊರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತರು. ಬಹುಕಾಲ ಜನ ಇದನ್ನು ಕಟ್ಟುಕಥೆ ಎಂದೇ ತಿಳಿದಿದ್ದರು. ೨೦೧೪ರ ಏಪ್ರಿಲ್ ೨೬ರಂದು ಅಗೆದು ನೋಡಿದರು. ಕಥೆ ನಿಜ! ಸುಮಾರು ೧,೩೦೦ ಕ್ಯಾಟ್ರಿಜ್‌ಗಳನ್ನು ಹೊರತೆಗೆದರು. ಅವುಗಳಲ್ಲಿ ಒಂದು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿದೆ. ಉಳಿದವುಗಳಲ್ಲಿ ಅನೇಕವನ್ನು ಹರಾಜು ಹಾಕಿ ಆ ಊರು ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಹೊಸದಾಗಿದ್ದಾಗ ಯಾರಿಗೂ ಬೇಡವಾದದ್ದು ಕಸದಲ್ಲಿ ಮೂವತ್ತು ವರ್ಷ ಮಲಗಿ ಎದ್ದ ಮೇಲೆ ಬೆಲೆ ಬಾಳಿತು.

ಸಿನಿಮಾದ ಹೆಸರು ಹೊತ್ತ ಆಟವೆಲ್ಲ ಕೆಟ್ಟದ್ದೇ ಎಂದು ವಾಚಕರು ತಿಳಿಯಬಾರದು. ಜೇಮ್ಸ್ ಬಾಂಡನ 'ಗೋಲ್ಡನ್ ಐ' ಚಿತ್ರ ಬಂದದ್ದು ೧೯೯೫ರಲ್ಲಿ. ಆಟ ಬಂದದ್ದು ಎರಡು ವರ್ಷ ತಡವಾಗಿ, ೧೯೯೭ರಲ್ಲಿ. ಚಿತ್ರದ ಗದ್ದಲ ಅಷ್ಟರಲ್ಲಿ ಅಡಗಿತ್ತು. ಆದರೂ ಎಂಬತ್ತು ಲಕ್ಷ ಪ್ರತಿ ಖರ್ಚಾಯಿತು. ಮುಹೂರ್ತ ಮೀರಿದರೂ ಅಡಿಗೆ ಚೆನ್ನಾಗಿತ್ತು.

ಅಟಾರಿಯ ಪತನವನ್ನು ಕಂಡು ಎಚ್ಚೆತ್ತ ಜಪಾನಿನ ನಿಂಟೆಂಡೋ ಕಂಪೆನಿ, ಅಮೆರಿಕದಲ್ಲಿ ೧೯೮೫ರಲ್ಲಿ ತನ್ನ ಯಂತ್ರವನ್ನು ಮಾರತೊಡಗಿದಾಗ ಪ್ರತಿ ಡಬ್ಬಿಯ ಮೇಲೆ ಗುಣಮಟ್ಟದ ಒಂದು ಮೊಹರು ಒತ್ತಿತು. ತನ್ನ ಅನುಮತಿಯಿಲ್ಲದ ಆಟ ಯಂತ್ರದಲ್ಲಿ ಓಡದಂತೆ ಒಳಗೊಂದು ಬೀಗದ ಚಿಪ್ಪನ್ನೂ ಇಟ್ಟಿತು. ತಾಯಿತಂದೆಗಳು ಮೊಹರು ನೋಡಿ ಕೊಳ್ಳತೊಡಗಿದರು. ಆದರೆ ಮೊಹರು ಹೇಳುತ್ತಿದ್ದುದು ಕಂಪೆನಿಯ ಒಪ್ಪಿಗೆ ಇದೆ ಎಂದಷ್ಟೇ ಹೊರತು, ನಿಮ್ಮ ಮಗನಿಗೆ ಆಟ ಹಿಡಿಸುತ್ತದೆ ಎಂದಲ್ಲ.

ಆ ಮೊಹರು ನಮ್ಮ ಮನೆಗಳಿಗೆ ಬರಲೇ ಇಲ್ಲ. ತೊಂಬತ್ತರ ದಶಕದಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಮದರಾಸಿನ ರಿಚಿ ಸ್ಟ್ರೀಟು, ದಿಲ್ಲಿಯ ಪಾಲಿಕಾ ಬಜಾರುಗಳಲ್ಲಿ ಅದೇ ಯಂತ್ರದ ನಕಲುಗಳು 'ಟೀವಿ ಗೇಮ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ನನ್ನ ಮಗನಿಗೂ ಒಂದನ್ನು ತಂದುಕೊಟ್ಟಿದ್ದೆ. ಲೈಸೆನ್ಸಿನ ಗಾಳಿಯೂ ಅದಕ್ಕೆ ಸೋಕಿರಲಿಲ್ಲ. ಹಳದಿ ಕ್ಯಾಸೆಟ್ಟಿನ ಮೇಲೆ '೯೯೯೯ ಇನ್ ೧' ಎಂದು ದಪ್ಪಕ್ಷರ. ಒಳಗೆ ನಿಜವಾಗಿ ಇದ್ದುದು ಹತ್ತೋ ಹದಿನೈದೋ ಆಟಗಳು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ. ಮುಖವಿಲ್ಲದ ಕಡೆ ಅಂಕಿಯೇ ಜಾಹೀರಾತು. ಮಗನಿಗೆ ಈಗ ನಲವತ್ತು ದಾಟಿದೆ, ಮೊನ್ನೆ ಈ ಮಾತು ಬಂದಾಗ, "ಅಪ್ಪ, ಆ ೯೯೯೯ರಲ್ಲಿ ಒಂದು ಮಾರಿಯೋ, ಒಂದು ಕಾಂಟ್ರಾ ಇತ್ತು, ಅಷ್ಟು ಸಾಕಾಯಿತು" ಎಂದು ನಕ್ಕ. ಅವನಿಗೆ ಮೋಸವಾಗಿದೆಯೆಂದು ಅನ್ನಿಸಿಯೇ ಇರಲಿಲ್ಲ.

ಸಿನಿಮಾಕ್ಕಿಂತ ಬಲವಾದ ಲೈಸೆನ್ಸು ಕ್ರೀಡೆಯದು. ೨೦೦೬ರ ಕೊನೆಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿ ಹೊರತಂದ 'ಕ್ರಿಕೆಟ್ ೦೭' ನಮ್ಮ ದೇಶದ ಹುಡುಗರಿಗೆ ಅಚ್ಚುಮೆಚ್ಚಾಗಿತ್ತು. ಆದರೆ ಅದರಲ್ಲಿ ಭಾರತ ತಂಡದ ಆಟಗಾರರ ಹೆಸರಿಗೆ ಅನುಮತಿ ಇರಲಿಲ್ಲ. ಅಕ್ಷರಗಳನ್ನು ತಿರುಚಿ ಬೇರೆ ಹೆಸರಿಟ್ಟಿದ್ದರು. ದ್ರಾವಿಡರೂ ಕುಂಬ್ಳೆಯವರೂ ಇಲ್ಲದ ಭಾರತ ತಂಡ ಕನ್ನಡಿಗರ ಮನೆಯಲ್ಲಿ ಹೇಗೆ ಸಹ್ಯವಾದೀತು? ಹುಡುಗರೇ ಕುಳಿತು ಹೆಸರು ತಿದ್ದಿಕೊಂಡರು. ತಿದ್ದಿದ ಪಟ್ಟಿಗಳು ಗೆಳೆಯರ ನಡುವೆ ಕೈಯಿಂದ ಕೈಗೆ ಓಡಾಡಿದವು. ಚೆನ್ನೈಯ ನೆಕ್ಸ್ಟ್‌ವೇವ್ ಕಂಪೆನಿಯ ಕ್ರಿಕೆಟ್ ಆಟದಲ್ಲಿಯೂ ಆಡುವವರೇ ಹೆಸರು ತಿದ್ದಿಕೊಳ್ಳುವ ಅನುಕೂಲ ಉಂಟು. ಪುಣೆಯ ಜೆಟ್‌ಸಿಂಥೆಸಿಸ್ ಕಂಪೆನಿ ೨೦೧೭ರಲ್ಲಿ ತೆಂಡೂಲ್ಕರರ ಹೆಸರನ್ನೇ ಪಡೆದು 'ಸಚಿನ್ ಸಾಗ' ಹೊರತಂದಿತು. ಒಬ್ಬರದು ಹೆಸರಿಲ್ಲದ ಆಟ, ಇನ್ನೊಬ್ಬರದು ಹೆಸರೇ ಬಂಡವಾಳವಾದ ಆಟ.

ಆದರೆ ಲೈಸೆನ್ಸು ಕೊಳ್ಳುವವನ ಕೈಯನ್ನೇ ಕಟ್ಟಿಹಾಕಿದ ಪ್ರಸಂಗವೂ ಒಂದಿದೆ. ಅಮೆರಿಕನ್ನರ ಫುಟ್‌ಬಾಲ್ ಬೇರೆಯೇ ಒಂದು ಆಟ. ಅದರ ಗೊಡವೆ ನಮಗೆ ಬೇಡ. ೨೦೦೪ರಲ್ಲಿ ಒಂದು ಕಂಪೆನಿ ಆ ಕ್ರೀಡೆಯ ವಿಡಿಯೋ ಆಟವನ್ನು ಬರೇ ೨೦ ಡಾಲರಿಗೆ ಮಾರಿತು. ಸಾಮಾನ್ಯ ಬೆಲೆ ೫೦. ಎದುರಾಳಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ವಿಧಿಯಿಲ್ಲದೆ ತನ್ನ 'ಮ್ಯಾಡನ್' ಆಟವನ್ನು ೩೦ ಡಾಲರಿಗೆ ಇಳಿಸಿತು. ಆ ಡಿಸೆಂಬರಿನಲ್ಲಿಯೇ ಅದು ಅಲ್ಲಿನ ಲೀಗಿನ ಹೆಸರನ್ನೂ ತಂಡಗಳನ್ನೂ ಆಟಗಾರರನ್ನೂ ತನಗೊಬ್ಬನಿಗೇ ಸೇರುವಂತೆ ಗುತ್ತಿಗೆ ಮಾಡಿಕೊಂಡಿತು. ಅಲ್ಲಿಗೆ ಅಗ್ಗದ ಆಟ ಅಂಗಡಿಯಿಂದ ಮಾಯ. ಗ್ರಾಹಕರು ಕೋರ್ಟಿಗೆ ಹೋದರು. ಬಹು ವರ್ಷಗಳ ತರುವಾಯ ೨ ಕೋಟಿ ೭೦ ಲಕ್ಷ ಡಾಲರಿಗೆ ರಾಜಿಯಾಯಿತು. ಜಾಹೀರಾತಾದರೆ ಕಣ್ಣು ಮುಚ್ಚಿಕೊಂಡು ತಪ್ಪಿಸಿಕೊಳ್ಳಬಹುದು. ಅಂಗಡಿಯಲ್ಲಿ ಇರುವುದೇ ಒಂದು ಸರಕಾದರೆ ಆರಿಸುವುದೇನನ್ನು?

ಹೆಸರಿನಲ್ಲಿಯೂ ಯಾವ ಹೆಸರು ಎಂಬ ಪ್ರಶ್ನೆ ಉಂಟು. ೧೯೯೩ರಿಂದ ಪ್ರತಿವರ್ಷ ಬರುತ್ತಿದ್ದ 'ಫೀಫಾ' ಆಟದ ಹೆಸರು ೨೦೨೩ರಲ್ಲಿ ಹೋಯಿತು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗೂ ಕಂಪೆನಿಗೂ ಒಪ್ಪಂದ ಮುರಿದು, ಆಟ 'ಇ.ಎ. ಸ್ಪೋರ್ಟ್ಸ್ ಎಫ್.ಸಿ.' ಎಂದು ಹೊಸ ನಾಮಕರಣ ಮಾಡಿಸಿಕೊಂಡಿತು. ಆದರೆ ಕ್ಲಬ್ಬುಗಳ ಮತ್ತು ಆಟಗಾರರ ಲೈಸೆನ್ಸುಗಳು ಬೇರೆಯಾಗಿದ್ದವು, ಮುನ್ನೂರಕ್ಕೂ ಹೆಚ್ಚು. ಅವು ಉಳಿದವು. ನನ್ನ ಮೊಮ್ಮಗನಿಗೆ ಹಣೆಪಟ್ಟಿ ಬದಲಾದದ್ದು ಲೆಕ್ಕಕ್ಕೇ ಬರಲಿಲ್ಲ. ಅದೇ, ಇಂಥ ಲೈಸೆನ್ಸಿಲ್ಲದೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 'ಮ್ಯಾನ್ ರೆಡ್' ಎಂದು ಕರೆಯಬೇಕಾಗಿ ಬಂದ ಕೊನಾಮಿ ಕಂಪೆನಿಯ ಆಟ, ಚೆಂಡಿನ ನಡೆಯಲ್ಲಿ ಮೇಲು ಎಂದು ಬಲ್ಲವರು ಎಷ್ಟೋ ವರ್ಷ ಹೊಗಳಿದರೂ, ಹುಡುಗರ ಮನಸ್ಸಿನಲ್ಲಿ ಎರಡನೆಯ ಸ್ಥಾನಕ್ಕಿಳಿಯಿತು.

ಜಾಹೀರಾತಿನ ವಿಚಾರ ಎಷ್ಟು ಹೇಳಿದರೂ ಮುಗಿಯದು. ೧೯೮೯ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ 'ದಿ ವಿಝರ್ಡ್' ಎಂಬ ಚಲನಚಿತ್ರವೇ ಬಂತು. ಅದರ ಕೊನೆಯ ಪಂದ್ಯದಲ್ಲಿ ತೋರಿಸಿದ್ದು, ಆ ದೇಶದ ಅಂಗಡಿಗೆ ಇನ್ನೂ ಬಾರದಿದ್ದ 'ಸೂಪರ್ ಮಾರಿಯೋ ಬ್ರದರ್ಸ್ ೩' ಆಟವನ್ನು. ಟಿಕೆಟಿಗೆ ದುಡ್ಡು ಕೊಟ್ಟು ಜಾಹೀರಾತು ನೋಡಿದ ಮಕ್ಕಳು! ಆದರೂ ಅದು ಮೋಸವಲ್ಲ. ಆಟ ನಿಜಕ್ಕೂ ಸೊಗಸಾಗಿತ್ತು. ೨೦೧೩ರ 'ಏಲಿಯನ್ಸ್: ಕೊಲೋನಿಯಲ್ ಮರೀನ್ಸ್' ಎಂಬ ಆಟದ ಮಾತು ಹಾಗಲ್ಲ. ಅದೂ ಸಿನಿಮಾದ ಲೈಸೆನ್ಸಿನದೇ. ಮೊದಲೇ ತೋರಿಸಿದ ತುಣುಕಿನಲ್ಲಿದ್ದ ನೆರಳುಬೆಳಕಿನ ಚೆಂದ ಡಬ್ಬಿಯೊಳಗೆ ಇರಲಿಲ್ಲ. ಬ್ರಿಟನ್ನಿನಲ್ಲಿ ಜಾಹೀರಾತಿನ ಮೇಲ್ವಿಚಾರಕರಿಗೆ ದೂರು ಹೋಗಿ, ಆ ತುಣುಕುಗಳು ಕೊನೆಯ ಸರಕನ್ನು ತೋರಿಸುವುದಿಲ್ಲವೆಂದು ಬರೆಯಲು ಸೆಗಾ ಕಂಪೆನಿ ಒಪ್ಪಿಕೊಳ್ಳಬೇಕಾಯಿತು.

ಈಗ ಆಟ ಡಬ್ಬಿಯನ್ನು ಬಿಟ್ಟು ಫೋನಿಗೆ ಬಂದಿದೆ. ಬೆಲೆ ಕೇಳಿದರೆ ಪುಕ್ಕಟೆ. ಆಡತೊಡಗಿದ ಮೇಲೆ ಬಂದೂಕಿಗೊಂದು ಬಣ್ಣ, ಯೋಧನಿಗೊಂದು ಅಂಗಿ ಎಂದು ಕಾಸುಕಾಸಾಗಿ ಕೀಳುತ್ತದೆ. ಮುಖಗಳು ಇಲ್ಲಿಯೂ ಉಂಟು. ೨೦೨೩ರ ಆಗಸ್ಟ್ ಕೊನೆಗೆ 'ಫ್ರೀ ಫೈರ್ ಇಂಡಿಯಾ' ಆಟ ಸೆಪ್ಟೆಂಬರ್ ೫ರಂದು ಬರುತ್ತದೆಂದೂ ಮಹೇಂದ್ರ ಸಿಂಗ್ ಧೋನಿಯವರೇ ಅದರ ರಾಯಭಾರಿ, ಆಟದೊಳಗೂ ಅವರೊಂದು ಪಾತ್ರ ಎಂದೂ ಪ್ರಚಾರವಾಯಿತು. ಆ ದಿನ ಬಂತು, ಆಟ ಬರಲಿಲ್ಲ, ಮುಂದೂಡಿದರು. ಇನ್ನು ಹಣ ಕಟ್ಟಿ ಆಡುವ ಆಟಗಳ ಕಥೆ ಬೇರೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿತು. ಮರುತಿಂಗಳ ಏಷ್ಯಾ ಕಪ್ಪಿನಲ್ಲಿ ನಮ್ಮ ಕ್ರಿಕೆಟ್ ತಂಡದ ಅಂಗಿಯ ಮೇಲೆ 'ಡ್ರೀಮ್ ಇಲೆವೆನ್' ಎಂಬ ಹೆಸರಿದ್ದ ಜಾಗ ಬರಿದಾಗಿತ್ತು. ಮೊಮ್ಮಗನೇ ಅದನ್ನು ಬೆರಳು ಮಾಡಿ ತೋರಿಸಿದ.

ಈ ಸಲ ಅವನ ಹುಟ್ಟುಹಬ್ಬಕ್ಕೆ ಅವನನ್ನೇ ಕರೆದುಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಹಿಂದಿನ ವಾರ ಗೆಳೆಯನ ಮನೆಯಲ್ಲಿ ಎರಡು ದಿನ ಆಡಿ ನೋಡಿ ಬಂದಿದ್ದನಂತೆ. ಬೇಕಾದದ್ದು ಯಾವುದೆಂದು ಗೊತ್ತಿತ್ತು. ಬಳಸಿದ ಡಿಸ್ಕೇ ಸಾಕು, ಅರ್ಧ ಬೆಲೆ ಎಂದ. ಕಪಾಟಿನ ಮೇಲಿದ್ದ ನನ್ನ ಹಳೆಯ ಡಬ್ಬಿಯನ್ನೂ ಚೀಲದಲ್ಲಿ ತಂದಿದ್ದ. "ಇದನ್ನು ಕೊಡಲಾ ಅಜ್ಜ? ನಿಮಗೆ ಬೇಸರ ಇಲ್ಲವಲ್ಲ?" ಎಂದು ಕೇಳಿದ. ಇಲ್ಲ ಎಂದೆ. ಅಂಗಡಿಯವನು ನಾಲ್ಕು ನೂರು ರೂಪಾಯಿ ಕಳೆದುಕೊಂಡು ಅದನ್ನು ಗೋಡೆಯ ಮೇಲೆ, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇಟ್ಟ.

ನಾವು ರಸೀದಿಗೆ ಕಾಯುತ್ತಿದ್ದಾಗ, ಬಿಳಿಯ ಟೋಪಿ ಹಾಕಿದ ಒಬ್ಬ ಹಿರಿಯರು ಒಳಗೆ ಬಂದು ಗೋಡೆಯನ್ನೆಲ್ಲ ಒಮ್ಮೆ ನೋಡಿದರು. ಅವರ ದೃಷ್ಟಿ ಆ ಮುಖದ ಮೇಲೆ ನಿಂತಿತು. ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಮೊಮ್ಮಗನಿಗೆಂದು, ಇದು ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದರು. ಅಂಗಡಿಯ ಹುಡುಗ ಬಾಯಿ ತೆರೆಯುವ ಮೊದಲೇ ಮೊಮ್ಮಗ ನನ್ನ ಅಂಗಿಯ ತುದಿ ಎಳೆದ. "ಅಜ್ಜ, ನೀವೇ ಹೇಳಿ" ಎಂದ.

ನಾನು ನನ್ನ ಹರಕುಮುರುಕು ಮರಾಠಿಯಲ್ಲಿ, ನಿಮ್ಮ ಮೊಮ್ಮಗನಿಗೆ ಎಷ್ಟು ವಯಸ್ಸು ಎಂದು ಮಾತು ತೆಗೆದೆ.